ಸೇತುವೆಯ ಆಚೆಗಿನ ಬೀದಿ

ಹದಿನೈದು ದಿನಗಳ ಹಿಂದೆ, ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿರುವ ನಮ್ಮ ಬೀದಿಯ ದೀಪದ ಕಂಬಕ್ಕೆ ನಗರಾಡಳಿತವಾದ ಕೌನ್ಸಿಲ್‌ನವರು ಪ್ಲಾಸ್ಟಿಕ್ ಹಾಳೆಯೊಳಗೆ ಇರಿಸಿದ ಒಂದು ನೋಟಿಸ್ ಕಟ್ಟಿ ಹೋದರು. ಈವರೆಗೆ ಒಂದೇ ಕುಟುಂಬ ವಾಸವಾಗಿದ್ದ ನನ್ನ ಪಕ್ಕದ ಮನೆಯನ್ನು ಆರು ಮಂದಿ ಬಾಡಿಗೆದಾರರು ಹಂಚಿಕೊಂಡು ಇರುವ ಮನೆಯನ್ನಾಗಿ ಮಾರ್ಪಡಿಸಲು ಅದರ ಹೊಸ ಮಾಲೀಕರು ಅನುಮತಿ ಕೋರಿದ್ದಾರೆಂದೂ, ಈ ಬಗ್ಗೆ ಹೇಳುವುದಿದ್ದವರು 21 ದಿನಗಳೊಳಗೆ ಬರೆದು ತಿಳಿಸಬೇಕೆಂದೂ ಅದರಲ್ಲಿದೆ. ಬೀದಿಯ ಇಬ್ಬರು ಹಿರಿಯರು ಆಗಲೇ ಆಕ್ಷೇಪಣೆ ಕಳುಹಿಸಿದ್ದಾರೆ. ನೀನೂ ಒಂದು ಬರೆ ಎಂದು ನನ್ನನ್ನು ಕೇಳಿಕೊಂಡಿದ್ದಾರೆ. ಆದರೆ ಹನ್ನೊಂದು ವರ್ಷಗಳ ಹಿಂದೆ ನಾನು ಈ ಬೀದಿಗೆ ಕಾಲಿಟ್ಟದ್ದೇ ಅಂಥದೊಂದು ಹಂಚಿಕೆಯ ಮನೆಯ ಬಾಗಿಲಿನಿಂದ. ಹಾಗಾಗಿ ಕಾಗದ ಮುಂದಿಟ್ಟುಕೊಂಡು ಕುಳಿತಾಗಲೆಲ್ಲ ಮೊದಲ ಸಾಲಿಗೇ ಕೈ ನಿಲ್ಲುತ್ತಿತ್ತು. ಈ ಬಡಾವಣೆ ಎಂಥದು, ಇಲ್ಲಿ ಯಾರು ಮತ್ತು ಯಾಕೆ ಇಷ್ಟು ಒತ್ತಾಗಿ ಬದುಕುತ್ತಾರೆ ಎಂಬುದನ್ನು ಮೊದಲು ನನಗೆ ನಾನೇ ಹೇಳಿಕೊಳ್ಳಬೇಕಾಯಿತು.

ಆಕ್ಸ್‌ಫರ್ಡ್ ಎಂದ ಕೂಡಲೇ ನಮ್ಮವರ ಕಣ್ಣ ಮುಂದೆ ಬರುವುದು ಜೇನುಬಣ್ಣದ ಕಲ್ಲಿನ ಕಾಲೇಜುಗಳು, ಚೂಪು ಗೋಪುರಗಳು, ಹಸಿರು ಹಾಸಿನ ಅಂಗಳಗಳು. ಆ ಆಕ್ಸ್‌ಫರ್ಡ್ ಹೈ ಸ್ಟ್ರೀಟಿನ ಪೂರ್ವದ ತುದಿಯಲ್ಲಿ, ಚೆರ್ವೆಲ್ ನದಿಯ ಮೇಲಿನ ಸೇತುವೆಯ ಹತ್ತಿರ ಮುಗಿದುಹೋಗುತ್ತದೆ. ಸೇತುವೆಗೂ ಅದರ ಪಕ್ಕದ ಕಾಲೇಜಿಗೂ ಒಂದೇ ಹೆಸರು; ಬರೆದದ್ದನ್ನು ಬರೆದಂತೆ ಓದಿದರೆ ಮ್ಯಾಗ್ಡಲೆನ್ ಎಂದಾಗುವ ಅದು ಊರವರ ಬಾಯಲ್ಲಿ ಮಾಡ್ಲಿನ್. ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಬಂದು 1960ರಿಂದ 1963ರವರೆಗೆ ಓದಿದ್ದು ಈ ಮಾಡ್ಲಿನ್ ಕಾಲೇಜಿನಲ್ಲಿಯೇ. ಬಂದ ಹೊಸದರಲ್ಲಿ, ಸಂಜೆ ಕೆಲಸ ಮುಗಿಸಿ ಪೇಟೆಗೆ ಹೋಗಿ ಹಿಂದಿರುಗುವಾಗ, 1509ರಲ್ಲಿ ಕಟ್ಟಿ ಮುಗಿಸಿದ ಆ ಕಾಲೇಜಿನ ಗೋಪುರದ ಕೆಳಗೆ ಸೈಕಲ್ ನಿಲ್ಲಿಸಿ, ಇಲ್ಲಿ ಒಬ್ಬ ಕನ್ನಡಿಗ ನಡೆದಾಡಿದ್ದ ಎಂದು ನೆನೆದುಕೊಂಡು ಮುಂದೆ ಹೋಗುತ್ತಿದ್ದೆ. ಹಾಗೆ ನೆನೆಯುವುದರಿಂದ ಮನಸ್ಸಿಗೆ ಆಗುತ್ತಿದ್ದ ಸಮಾಧಾನ ಸಣ್ಣದೇನೂ ಆಗಿರಲಿಲ್ಲ.

ಸೇತುವೆ ದಾಟಿದರೆ ಪ್ಲೇನ್ ಎಂಬ ವೃತ್ತ ಸಿಗುತ್ತದೆ. ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಅರವತ್ತು ವರ್ಷ ತುಂಬಿದ ನೆನಪಿಗೆ 1899ರಲ್ಲಿ ಕಟ್ಟಿದ ನೀರಿನ ಕಾರಂಜಿಯ ಮಂಟಪವೊಂದು ಅಲ್ಲಿದೆ. ಅಲ್ಲಿಂದ ಸೇಂಟ್ ಕ್ಲೆಮೆಂಟ್ಸ್, ಕೌಲಿ ರೋಡ್, ಇಫ್ಲಿ ರೋಡ್ ಎಂಬ ಮೂರು ದಾರಿಗಳು ಬೆರಳು ಬಿಡಿಸಿದ ಹಾಗೆ ಕವಲೊಡೆಯುತ್ತವೆ. ನಡುವಿನ ಬೆರಳಾದ ಕೌಲಿ ರಸ್ತೆಯ ಎರಡೂ ಬದಿಗೆ ಹಲ್ಲಿನ ಸಾಲಿನಂತೆ ಹೊರಟ ಅಡ್ಡಬೀದಿಗಳಲ್ಲಿ ಒಂದು ನಮ್ಮದು. ಇಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡೇ ಇವೆ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಉದ್ದದ ಇಟ್ಟಿಗೆ ಕಟ್ಟಡ, ಅದಕ್ಕೆ ಅಲ್ಲಲ್ಲಿ ಬಾಗಿಲು ಕೊರೆದಂತೆ ಕಾಣುತ್ತದೆ. ಕೆಳಗೆ ಎರಡು ಕೋಣೆ, ಮೇಲೆ ಎರಡು ಕೋಣೆ, ಹಿಂದೆ ಚಾಚಿಕೊಂಡ ಅಡುಗೆಮನೆ, ಅದರಾಚೆ ಬಟ್ಟೆ ಒಣಗಿಸುವಷ್ಟು ಹಿತ್ತಿಲು. ಹತ್ತೊಂಬತ್ತನೇ ಶತಮಾನದಲ್ಲಿ ಕೂಲಿಕಾರರಿಗೂ ಗುಮಾಸ್ತರಿಗೂ ಎಂದು ಕಟ್ಟಿದ ಮನೆಗಳು ಇವು. ಅದಕ್ಕೆ ಮೊದಲು ಇಲ್ಲಿದ್ದದ್ದು ಹೊಲ ಮತ್ತು ಜವುಗು ನೆಲ; ಆ ನೆಲವನ್ನು ತುಂಡು ತುಂಡಾಗಿ ಮಾರಿದ ಮೇಲೆ, ಯಾರು ಎಷ್ಟು ಕೊಂಡರೋ ಅಷ್ಟಗಲದ ಮನೆಗಳು ಎದ್ದವು. ಒಂದೇ ಸಾಲಿನಲ್ಲಿಯೂ ಕಿಟಕಿಯ ಎತ್ತರ, ಇಟ್ಟಿಗೆಯ ಬಣ್ಣ ನಾಲ್ಕಾರು ಮನೆಗಳಿಗೊಮ್ಮೆ ಬದಲಾಗುವುದಕ್ಕೆ ಕಾರಣ ಇದೇ.

ಈ ಬಡಾವಣೆಯ ಚರಿತ್ರೆಯನ್ನು ತಿಳಿಯುತ್ತಾ ಹೋದಂತೆ ನನಗೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗಿದೆ. ನದಿಯ ಆಚೆಗಿನ ಊರಿಗೆ ಯಾರನ್ನು ಒಳಗೆ ಇಟ್ಟುಕೊಳ್ಳಲು ಆಗಲಿಲ್ಲವೋ, ಇಲ್ಲವೇ ಮನಸ್ಸಿರಲಿಲ್ಲವೋ, ಅವರನ್ನೆಲ್ಲ ಸೇತುವೆ ದಾಟಿಸಿ ಈ ಕಡೆಗೆ ಕಳುಹಿಸುತ್ತಾ ಬಂದಿದೆ. ಹನ್ನೆರಡನೇ ಶತಮಾನದಲ್ಲಿ ಒಂದನೇ ಹೆನ್ರಿ ದೊರೆಯ ಕಾಲಕ್ಕೆ ಕುಷ್ಠರೋಗಿಗಳಿಗೆಂದು ಸೇಂಟ್ ಬಾರ್ಥಲೋಮ್ಯೂ ಹೆಸರಿನ ಆಶ್ರಯವನ್ನು ಕಟ್ಟಿದ್ದು ಊರಿನ ಕೋಟೆಯಿಂದ ಬಹುದೂರ, ಈ ದಾರಿಯ ಪಕ್ಕದಲ್ಲಿ. ಅದರ ಪುಟ್ಟ ಪ್ರಾರ್ಥನಾ ಮಂದಿರ ಹದಿನಾಲ್ಕನೇ ಶತಮಾನದ ರೂಪದಲ್ಲಿ ಇಂದಿಗೂ ನಿಂತಿದೆ. ಬಾರ್ಟ್ಲ್‌ಮಸ್ ಎಂಬ ಓಣಿಯೊಳಗೆ ಸೈಕಲ್ ತಿರುಗಿಸಿದರೆ ಬಸ್ಸುಗಳ ಸದ್ದು ಹಿಂದೆ ಉಳಿದು, ಹುಲ್ಲು ಬೆಳೆದ ಮೌನದ ನಡುವೆ ಅದು ಸಿಗುತ್ತದೆ. 1860ರ ದಶಕದಲ್ಲಿ ದಿಕ್ಕಿಲ್ಲದ ಬಡವರನ್ನು ಕೂಡಿಹಾಕಿ ದುಡಿಸುವ ವರ್ಕ್‌ಹೌಸ್ ಬಂದಾಗಲೂ ಅದಕ್ಕೆ ಜಾಗ ಸಿಕ್ಕಿದ್ದು ಕೌಲಿ ರಸ್ತೆಯಲ್ಲಿಯೇ. ಮುಂದೆ ಅದು ಆಸ್ಪತ್ರೆಯಾಗಿ, 1980ರ ದಶಕದಲ್ಲಿ ನೆಲಸಮವಾಯಿತು. ಈಗ ಆ ಜಾಗದಲ್ಲಿರುವ ರಸ್ತೆಯ ಹೆಸರು ಮಂಜಿಲ್ ವೇ. ಸೇರಬೇಕಾದ ತಾಣ ಎಂಬ ಅರ್ಥದ ಆ ಉರ್ದು ಪದ ಇಂಗ್ಲಿಷ್ ಊರಿನ ಬೀದಿಫಲಕದ ಮೇಲೆ ನಿಂತಿರುವುದನ್ನು ಮೊದಲ ಸಲ ನೋಡಿದ ದಿನ ನಾನು ಅದನ್ನು ಎರಡು ಸಲ ಓದಿದೆ. ಇಂದು ಅಲ್ಲಿ ಮಸೀದಿಯಿದೆ, ಆರೋಗ್ಯ ಕೇಂದ್ರವಿದೆ, ಮಕ್ಕಳು ಆಡುವ ತೋಟವಿದೆ. ನನ್ನ ಹೆಸರು ಮೊದಲ ಬಾರಿಗೆ ವೈದ್ಯರ ಪಟ್ಟಿಯಲ್ಲಿ ನೋಂದಣಿಯಾದದ್ದು ಆ ಆರೋಗ್ಯ ಕೇಂದ್ರದಲ್ಲಿ.

ಆ ಬಳಿಕ ಬಂದವರು ಕಾರ್ಮಿಕರು. ಇಲ್ಲಿನ ಜೇಮ್ಸ್ ಸ್ಟ್ರೀಟಿನ 16ನೇ ನಂಬರಿನ ಮನೆಯಲ್ಲಿ ವಿಲಿಯಂ ಮಾರಿಸ್ ಎಂಬ ಹುಡುಗ 1893ರಲ್ಲಿ, ಕೈಯಲ್ಲಿದ್ದ ನಾಲ್ಕು ಪೌಂಡ್ ಬಂಡವಾಳದಿಂದ, ತಂದೆಯ ಮನೆಯ ಹಿಂದೆ ಸೈಕಲ್ ರಿಪೇರಿ ಮಾಡಲು ತೊಡಗಿದ. ಅದೇ ಹುಡುಗ ಇಪ್ಪತ್ತು ವರ್ಷಗಳ ಬಳಿಕ, 1913ರಲ್ಲಿ, ರಸ್ತೆಯ ಇನ್ನೊಂದು ತುದಿಯ ಕೌಲಿಯಲ್ಲಿ ಕಾರು ಜೋಡಿಸಲು ಶುರುಮಾಡಿದ. ಇಂದು ಮಿನಿ ಕಾರುಗಳು ತಯಾರಾಗುವ ಕಾರ್ಖಾನೆಗೆ ಬೇರು ಅದೇ. ಕಾರ್ಖಾನೆ ಬೆಳೆದಂತೆ ಮೊದಲು ವೇಲ್ಸಿನ ಗಣಿಯೂರುಗಳಿಂದ, ಎರಡನೇ ಮಹಾಯುದ್ಧದ ನಂತರ ಕೆರಿಬಿಯನ್ ದ್ವೀಪಗಳಿಂದ, ಪಾಕಿಸ್ತಾನದಿಂದ, ಭಾರತದಿಂದ, ಮುಂದೆ ಬಾಂಗ್ಲಾದೇಶವಾದ ನಾಡಿನಿಂದ ಜನ ಬಂದರು. ಅವರು ಕಾರಿನ ಕವಚ ಬೆಸೆದರು, ಬಸ್ಸು ಓಡಿಸಿದರು, ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡಿದರು. ನನ್ನ ಪಕ್ಕದ ಮನೆಯ ಚಾಚಾ ಅವರಲ್ಲಿ ಒಬ್ಬರು. ಝೇಲಂ ಕಡೆಯ ಹಳ್ಳಿಯಿಂದ ಹತ್ತೊಂಬತ್ತನೇ ವಯಸ್ಸಿನಲ್ಲಿ ಬಂದವರು, ಮೂವತ್ತು ವರ್ಷ ಕಾರ್ಖಾನೆಯಲ್ಲಿ ದುಡಿದವರು. ನಾನು ಅವರನ್ನು ಚಾಚಾ ಎನ್ನುತ್ತೇನೆ, ಅವರು ನನ್ನನ್ನು ಬೇಟಿ ಎನ್ನುತ್ತಾರೆ. ಅವರ ಪಂಜಾಬಿ ಮತ್ತು ನನ್ನ ಮುರುಕು ಹಿಂದಿ ನಡುವೆ ಎಲ್ಲೋ ಒಂದು ಕಡೆ ನಮ್ಮ ಮಾತು ಕೂಡುತ್ತದೆ. ನೋಟಿಸ್ ಅಂಟಿಸಿರುವುದು ಅವರ ಮನೆಯ ವಿಚಾರವಾಗಿಯೇ.

ಈಗ ಸೇತುವೆ ದಾಟಿ ಬರುವವರು ವಿದ್ಯಾರ್ಥಿಗಳು. ಈ ಊರಿನಲ್ಲಿ ಎರಡು ವಿಶ್ವವಿದ್ಯಾಲಯಗಳಿವೆ. ಹಳೆಯದು ಎಲ್ಲರೂ ಬಲ್ಲದ್ದು. ಇನ್ನೊಂದು 1992ರಲ್ಲಿ ವಿಶ್ವವಿದ್ಯಾಲಯದ ಸ್ಥಾನ ಪಡೆದ ಆಕ್ಸ್‌ಫರ್ಡ್ ಬ್ರೂಕ್ಸ್, ನಮ್ಮ ಬಡಾವಣೆಯ ಮೇಲಿನ ಗುಡ್ಡದ ಹೆಡಿಂಗ್ಟನ್‌ನಲ್ಲಿದೆ. ಹಳೆಯ ವಿಶ್ವವಿದ್ಯಾಲಯದ ಕಾಲೇಜುಗಳು ಮೊದಲ ವರ್ಷದ ಮಕ್ಕಳಿಗೆ ತಮ್ಮ ಅಂಗಳದೊಳಗೆ ಕೋಣೆ ಕೊಡುತ್ತವೆ. ಎರಡನೇ ವರ್ಷಕ್ಕೆ ಹಲವರು ಹೊರಗೆ ಮನೆ ಹುಡುಕಿಕೊಳ್ಳಬೇಕಾಗುತ್ತದೆ. ಗುಡ್ಡದಿಂದ ಇಳಿದು ಬರುವವರು, ಸೇತುವೆಯಿಂದ ದಾಟಿ ಬರುವವರು ಇಬ್ಬರಿಗೂ ನಡುವೆ ಸಿಗುವುದು ಈ ಬೀದಿಗಳು. 2021ರ ಜನಗಣತಿಯ ಪ್ರಕಾರ ಆಕ್ಸ್‌ಫರ್ಡಿನ ಜನಸಂಖ್ಯೆ 1,62,000ದಷ್ಟು. ಇಡೀ ಇಂಗ್ಲೆಂಡಿನ ಜನರ ನಡುವಿನ ವಯಸ್ಸು (ಅರ್ಧ ಜನ ಅದಕ್ಕಿಂತ ಕಿರಿಯರು, ಅರ್ಧ ಜನ ಹಿರಿಯರು) 40 ಆಗಿದ್ದರೆ ಈ ಊರಿನದು 30ರ ಆಸುಪಾಸಿನಲ್ಲಿದೆ, ನಮ್ಮ ಬೀದಿಯಲ್ಲಿ ನಿಂತು ನೋಡಿದರೆ ಅದಕ್ಕಿಂತಲೂ ಕಡಿಮೆ ಎನಿಸುತ್ತದೆ. ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆರೆದರೆ ಎದುರಿಗೆ ಕಾಣುವ ಮುಖಗಳಲ್ಲಿ ಮುಕ್ಕಾಲು ಪಾಲು ಇಪ್ಪತ್ತೆರಡು ದಾಟದವು.

ಮುಪ್ಪನ್ನು ಮಗನಿಗೆ ಕೊಟ್ಟು ಅವನ ಯೌವನವನ್ನು ತಾನು ಪಡೆದ ಯಯಾತಿಯ ಕಥೆ ನಮಗೆಲ್ಲ ಗೊತ್ತು. ನಮ್ಮ ಬೀದಿಯನ್ನು ನೋಡುವಾಗ ಅದು ನನಗೆ ನೆನಪಾಗುತ್ತದೆ. ನೂರೈವತ್ತು ವರ್ಷ ಹಳೆಯದಾದ ಈ ಗೋಡೆಗಳು ಪ್ರತಿ ಅಕ್ಟೋಬರಿನಲ್ಲೂ ಹೊಸ ಹರೆಯವನ್ನು ಒಳಗೆ ಬರಮಾಡಿಕೊಳ್ಳುತ್ತವೆ. ಆ ಹರೆಯಕ್ಕೆ ವಯಸ್ಸಾಗುವ ಮೊದಲೇ ಅದನ್ನು ಕಳುಹಿಸಿ ಇನ್ನೊಂದನ್ನು ತರಿಸಿಕೊಳ್ಳುತ್ತವೆ. ಇಲ್ಲಿ ಮುದುಕರಾಗುವವರು ಉಳಿದುಕೊಂಡ ನಾವು ಕೆಲವರು ಮಾತ್ರ.

ನಾನು ಮೊದಲು ಬಂದ ಮನೆಯಲ್ಲಿ ಐದು ಮಂದಿ ಇದ್ದೆವು. ಒಂದೇ ಕುಟುಂಬಕ್ಕೆ ಸೇರದ ಮೂವರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಅಡುಗೆಮನೆ, ಬಚ್ಚಲುಮನೆಗಳನ್ನು ಹಂಚಿಕೊಂಡು ಇರುವ ಇಂಥ ಮನೆಗೆ ಇಲ್ಲಿ ಎಚ್‌ಎಂಓ ಎಂಬ ಹೆಸರು. ಬೀದಿಯ ಜಗಳಗಳಲ್ಲಿ ಅತಿ ಹೆಚ್ಚು ಕೇಳಿಬರುವ ಮೂರು ಅಕ್ಷರಗಳು ಅವು. ನನ್ನ ಪಾಲಿಗೆ ಬಂದದ್ದು ಬೀದಿಗೆ ಮುಖ ಮಾಡಿದ ಮುಂದಿನ ಕೋಣೆ. ಅದು ಹಿಂದೆ ಆ ಮನೆಯ ಹಾಲ್ ಆಗಿತ್ತು. ಬಾಡಿಗೆ ಹೆಚ್ಚು ಬರಲೆಂದು ಅದಕ್ಕೂ ಒಂದು ಮಂಚ ಹಾಕಿ ಬಾಗಿಲಿಗೆ ಬೀಗ ಕೂರಿಸಿದ್ದರು. ಮುಂದಕ್ಕೆ ಉಬ್ಬಿದ ಕಿಟಕಿಯ ಆಚೆ ಎರಡೇ ಹೆಜ್ಜೆಗೆ ಕಾಲುದಾರಿ. ರಾತ್ರಿ ದೀಪ ಆರಿಸಿ ಮಲಗಿದರೆ ಮನೆಗೆ ಹಿಂದಿರುಗುವವರ ನೆರಳು ನನ್ನ ಗೋಡೆಯ ಮೇಲೆ ನಡೆದು ಹೋಗುತ್ತಿತ್ತು, ಅವರ ಮಾತಿನ ಕಡೆಯ ವಾಕ್ಯ ನನ್ನ ದಿಂಬಿನ ಹತ್ತಿರ ಮುಗಿಯುತ್ತಿತ್ತು. ಮೊದಲ ಕೆಲವು ವಾರ ನಿದ್ದೆಯೇ ಬರಲಿಲ್ಲ. ಬರಬರುತ್ತಾ ಆ ಸದ್ದುಗಳಿಗೆ ಹೊಂದಿಕೊಂಡದ್ದಷ್ಟೇ ಅಲ್ಲ, ಡಿಸೆಂಬರ್ ರಜೆಗೆ ಎಲ್ಲರೂ ಊರಿಗೆ ಹೋಗಿ ಬೀದಿ ಸ್ತಬ್ಧವಾದಾಗ ನನಗೆ ಭಯವಾಯಿತು.

ಹಾಲ್ ಇಲ್ಲದ ಮನೆಯಲ್ಲಿ ಕೂಡಿ ಕೂರಲು ಉಳಿಯುವುದು ಅಡುಗೆಮನೆಯೊಂದೇ. ಐವರಿಗೆ ಒಂದು ಒಲೆ, ಫ್ರಿಜ್ಜಿನಲ್ಲಿ ತಲೆಗೊಂದು ಅಟ್ಟ, ಎರಡೇ ಕುರ್ಚಿ. ನಾನು ಸಾರಿಗೆ ಒಗ್ಗರಣೆ ಹಾಕಿದರೆ ಮೆಣಸಿನಕಾಯಿಯ ಘಾಟಿಗೆ ಹೊಗೆಯ ಅಲಾರಂ ಕೂಗುತ್ತಿತ್ತು. ಇಂಥ ಮನೆಗಳಲ್ಲಿ ಎಲ್ಲ ಕೋಣೆಗಳ ಅಲಾರಂಗಳನ್ನೂ ಒಂದಕ್ಕೊಂದು ಜೋಡಿಸಿರುತ್ತಾರಾದ್ದರಿಂದ ಮಹಡಿಯ ಮೇಲೆ ಓದುತ್ತಿದ್ದವರೆಲ್ಲ ಇಳಿದು ಬರುತ್ತಿದ್ದರು. ಒಬ್ಬಳು ಕಿಟಕಿ ತೆರೆಯುತ್ತಿದ್ದಳು, ಒಬ್ಬ ಟವೆಲ್ ಬೀಸುತ್ತಿದ್ದ, ಆಮೇಲೆ ಇಳಿದು ಬಂದದ್ದಕ್ಕೆ ನಿಂತೇ ಅನ್ನ ಸಾರು ಉಂಡು ಹೋಗುತ್ತಿದ್ದರು. ಹಾಲ್ ಒಂದಿದ್ದಿದ್ದರೆ ಆ ಐವರು ಇನ್ನೂ ಎಷ್ಟು ಹತ್ತಿರವಾಗುತ್ತಿದ್ದೆವೋ ಎಂದು ಇಂದಿಗೂ ಅನಿಸುತ್ತದೆ. ಮನೆಯೊಂದರಲ್ಲಿ ಎಷ್ಟು ಜನ ಮಲಗಬಹುದೆಂಬ ಲೆಕ್ಕ ಎಲ್ಲರೂ ಹಾಕುತ್ತಾರೆ. 2018ರ ಅಕ್ಟೋಬರಿನಿಂದ ಇಂಥ ಮನೆಗಳಲ್ಲಿ ಒಬ್ಬ ವಯಸ್ಕನ ಮಲಗುವ ಕೋಣೆ 6.51 ಚದರ ಮೀಟರಿಗಿಂತ ಚಿಕ್ಕದಿರಬಾರದೆಂಬ ನಿಯಮವೂ ಬಂದಿದೆ. ಕೂಡಿ ಕೂರುವುದಕ್ಕೆ ಎಷ್ಟು ಜಾಗ ಬೇಕೆಂದು ಅಷ್ಟೇ ನಿಷ್ಠುರವಾಗಿ ಯಾರೂ ಕೇಳುವುದನ್ನು ನಾನು ಕಂಡಿಲ್ಲ.

ಆ ಮನೆಯ ಎರಡನೇ ತಿಂಗಳಿನಲ್ಲಿ ಕೌನ್ಸಿಲ್ ಟ್ಯಾಕ್ಸಿನ ಬಿಲ್ಲು ಬಂತು. ಪೂರ್ಣಾವಧಿ ವಿದ್ಯಾರ್ಥಿಗಳೇ ತುಂಬಿರುವ ಮನೆಗೆ ಈ ತೆರಿಗೆಯಿಂದ ವಿನಾಯಿತಿ ಇದೆ. ನಾನೊಬ್ಬಳು ಪ್ರಯೋಗಾಲಯದಲ್ಲಿ ಸಂಬಳಕ್ಕೆ ಕೆಲಸ ಮಾಡುವವಳಾದ್ದರಿಂದ ಆ ವಿನಾಯಿತಿ ತಪ್ಪಿಹೋಯಿತು. ಲೆಕ್ಕಕ್ಕೆ ಬರುವ ವಯಸ್ಕ ಒಬ್ಬರೇ ಎಂದು ನಾಲ್ಕನೇ ಒಂದು ಪಾಲು ಕಡಿತವಾಗಿ, ಉಳಿದದ್ದು ನನ್ನ ತಲೆಗೆ ಬಂತು. ಜೊತೆಯವರು ಆ ರಾತ್ರಿ ಅಡುಗೆಮನೆಯಲ್ಲಿ ಕೂಡಿ, ಕಾನೂನಿನಲ್ಲಿ ತಾವು ಕೊಡಬೇಕಾಗಿಲ್ಲದಿದ್ದರೂ ಆಗುವಷ್ಟು ಕೊಡುತ್ತೇವೆಂದು ತೀರ್ಮಾನಿಸಿ, ನಾಲ್ವರೂ ತಿಂಗಳಿಗೆ ಇಷ್ಟೆಂದು ಕೊಟ್ಟರು. ಇಪ್ಪತ್ತು ವರ್ಷದ ಹುಡುಗರನ್ನು ಕುರಿತು ಈ ಬೀದಿಯ ಸಭೆಗಳಲ್ಲಿ ಏನೇ ಮಾತು ಬಂದರೂ ನಾನು ಆ ರಾತ್ರಿಯನ್ನು ಬದಿಗಿಟ್ಟು ಕೇಳಲಾರೆ. ಮನೆ ಬಿಡುವಾಗ ಏಜೆನ್ಸಿಯವರು, ನಾವು ಬರುವ ಮೊದಲೇ ಕಾರ್ಪೆಟ್ಟಿನ ಮೇಲಿದ್ದ ಕಲೆಗಾಗಿ ಠೇವಣಿಯಿಂದ ದೊಡ್ಡ ಮೊತ್ತ ಹಿಡಿಯಲು ಹೊರಟರು. 2007ರಿಂದ ಇಲ್ಲಿ ಬಾಡಿಗೆಯ ಠೇವಣಿಯನ್ನು ಸರ್ಕಾರದ ಮಾನ್ಯತೆಯುಳ್ಳ ರಕ್ಷಣಾ ಯೋಜನೆಯಲ್ಲಿ ಇಡಲೇಬೇಕು, ತಕರಾರಾದರೆ ಅಲ್ಲಿಯೇ ಖರ್ಚಿಲ್ಲದೆ ತೀರ್ಮಾನ ಕೇಳಬಹುದು. ಮೊದಲ ದಿನವೇ ತೆಗೆದಿಟ್ಟಿದ್ದ ಫೋಟೋಗಳನ್ನು ಕಳುಹಿಸಿದೆವು. ಹಣ ಹಿಂದಕ್ಕೆ ಬಂತು. ಹೊಸದಾಗಿ ಬರುವ ನಮ್ಮ ಹುಡುಗರು ಸಿಕ್ಕಾಗಲೆಲ್ಲ, ಸೂಟ್‌ಕೇಸ್ ತೆರೆಯುವ ಮೊದಲು ಕೋಣೆಯ ಮೂಲೆಮೂಲೆಯ ಫೋಟೋ ತೆಗೆಯಿರಿ ಎಂದು ಹೇಳುತ್ತೇನೆ.

ಈ ಬೀದಿಗೆ ತನ್ನದೇ ಪಂಚಾಂಗವಿದೆ. ಅಕ್ಟೋಬರಿನ ಆರಂಭದಲ್ಲಿ ಅಪ್ಪ ಅಮ್ಮಂದಿರ ಕಾರುಗಳು ಸಾಲುಗಟ್ಟಿ ನಿಂತು, ಹಾಸಿಗೆ, ಗಿಡದ ಕುಂಡ, ಗಿಟಾರ್ ಇಳಿಯುತ್ತವೆ. ನವೆಂಬರ್ ಬಂದರೆ, ಊರಿಗೆ ಬಂದು ಆರು ವಾರವೂ ಆಗದ ಮೊದಲ ವರ್ಷದ ಮಕ್ಕಳು ಮುಂದಿನ ವರ್ಷದ ಮನೆ ಹುಡುಕುತ್ತಾ ಗುಂಪಾಗಿ ಬರುತ್ತಾರೆ. ಪರಿಚಯವಾಗಿ ಒಂದು ತಿಂಗಳಾದವರ ಜೊತೆ, ಇನ್ನು ಹನ್ನೊಂದು ತಿಂಗಳ ನಂತರ ಒಂದೇ ಸೂರಿನಡಿ ಇರುತ್ತೇವೆಂದು ಕರಾರಿಗೆ ಸಹಿ ಹಾಕಬೇಕಾದ ಆ ಅವಸರ ನನಗೆ ಕ್ರೂರವೆನಿಸುತ್ತದೆ. ಯಾರನ್ನು ಯಾವ ಗುಂಪೂ ಕರೆಯಲಿಲ್ಲವೋ ಅಂಥ ಮಗುವಿನ ಚಳಿಗಾಲ ಹೇಗಿರುತ್ತದೆಂದು ನಾನು ಎರಡು ಸಲ ಹತ್ತಿರದಿಂದ ನೋಡಿದ್ದೇನೆ. ಮೇ ಒಂದರ ಬೆಳಗಿನ ಆರು ಗಂಟೆಗೆ ಮಾಡ್ಲಿನ್ ಗೋಪುರದ ತುದಿಯಲ್ಲಿ ಹಾಡುವ ಗಾಯಕವೃಂದವನ್ನು ಕೇಳಲು ಇಡೀ ಬೀದಿ ನಿದ್ದೆಗೆಟ್ಟು ಸೇತುವೆಯ ಕಡೆಗೆ ಹೋಗುತ್ತದೆ. ಅದರ ಹಿಂದೆಯೇ ಪರೀಕ್ಷೆಗಳು. ಕಪ್ಪು ನಿಲುವಂಗಿ ಹಾರಿಸಿಕೊಂಡು ಸೈಕಲ್ ಮೇಲೆ ಪೇಟೆಯ ಕಡೆ ಹೋಗುವವರ ಎದೆಯ ಮೇಲಿನ ಹೂವನ್ನು ನೋಡಿದರೆ ಅವರ ಸ್ಥಿತಿ ತಿಳಿಯುತ್ತದೆ: ಬಿಳಿ ಇದ್ದರೆ ಮೊದಲ ಪತ್ರಿಕೆ, ನಸುಗೆಂಪು ಇದ್ದರೆ ನಡುವಿನವು, ಕೆಂಪು ಇದ್ದರೆ ಅಂದಿಗೆ ಎಲ್ಲ ಮುಗಿಯಿತು. ಕೆಂಪು ಹೂವಿನವರು ಹೋಗುವಾಗ ಚಾಚಾ ತಮ್ಮ ಬಾಗಿಲಿನಲ್ಲಿ ನಿಂತು ಎರಡೂ ಕೈ ಎತ್ತಿ ಹರಸುತ್ತಿದ್ದರು. ಅವರ ಹೆಸರು ಗೊತ್ತಿರಬೇಕೆಂದೇನೂ ಇರಲಿಲ್ಲ.

ಜೂನ್ ಕೊನೆಯ ವಾರದಲ್ಲಿ ಬೀದಿ ತನ್ನೊಳಗಿನದನ್ನೆಲ್ಲ ಹೊರಗೆ ಹಾಕುತ್ತದೆ. ಕೆಟಲ್, ಬಾಣಲೆ, ಮೇಜಿನ ದೀಪ, ಒಂದೇ ಚಳಿಗಾಲ ಕಂಡ ರಜಾಯಿ, ಅರ್ಧ ಚೀಲ ಅಕ್ಕಿ ಕಾಲುದಾರಿಯ ಮೇಲೆ ಗುಡ್ಡೆಯಾಗಿ, ಮಳೆ ಬಂದರೆ ಕೊಳೆಯುತ್ತವೆ. ಕೆಲಸಕ್ಕೆ ಹೊರಟ ತಾಯಂದಿರು ಮಗುವಿನ ಗಾಡಿಯನ್ನು ರಸ್ತೆಗೆ ಇಳಿಸಿ ತಳ್ಳಿಕೊಂಡು ಹೋಗಬೇಕಾಗುತ್ತದೆ. ನೆರೆಯವರ ಸಿಟ್ಟು ನ್ಯಾಯವಾದದ್ದು, ಅದನ್ನು ನಾನೂ ಹಂಚಿಕೊಳ್ಳುತ್ತೇನೆ. ಅದರಂತೆಯೇ ರಾತ್ರಿಯ ಸದ್ದು. ಇಲ್ಲಿನ ಎರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ. ಮಂಗಳವಾರದ ನಡುರಾತ್ರಿ ಎರಡು ಗಂಟೆಗೆ ಆಚೆ ಕಡೆ ಹುಟ್ಟುಹಬ್ಬ ನಡೆದರೆ ಈಚೆ ಕಡೆ ಐದಕ್ಕೆ ಏಳಬೇಕಾದ ಬಸ್ ಚಾಲಕನ ಮಂಚ ಅದುರುತ್ತದೆ. ಹೋಗಿ ಬಾಗಿಲು ತಟ್ಟಿದರೆ ಬಹುಪಾಲು ಮಕ್ಕಳು ನಿಜವಾದ ಸಂಕೋಚದಿಂದ ಸದ್ದು ತಗ್ಗಿಸುತ್ತಾರೆ. ಆದರೆ ಅವರಿಗೆ ಅದನ್ನು ಕಲಿಸಿ ಮುಗಿಯುವ ಹೊತ್ತಿಗೆ ಜೂನ್ ಬರುತ್ತದೆ, ಅಕ್ಟೋಬರಿನಲ್ಲಿ ಮತ್ತೆ ಮೊದಲ ಪಾಠದಿಂದ ಶುರು. ನನ್ನ ತಿಳಿವಳಿಕೆಯಲ್ಲಿ ಈ ಬಡಾವಣೆಯ ದಣಿವು ಇರುವುದು ಇಲ್ಲಿ. ಜನ ಹೆಚ್ಚಾದ್ದರಿಂದ ಆದ ದಣಿವಿಗಿಂತ, ಪ್ರತಿ ವರ್ಷವೂ ಹೊಸಬರಿಗೆ ಅದೇ ಮಾತುಗಳನ್ನು ಹೇಳುತ್ತಾ ಹೋಗುವ ದಣಿವು ದೊಡ್ಡದು.

ಆ ಮಾತುಗಳನ್ನು ಹೇಳುವ ಕೆಲಸವನ್ನು ನಮ್ಮ ಬೀದಿಯಲ್ಲಿ ಚಾಚಾ ಮಾಡುತ್ತಿದ್ದರು. ಹಸಿರು ತೊಟ್ಟಿ ಒಂದು ವಾರ, ಮರುಬಳಕೆಯ ನೀಲಿ ತೊಟ್ಟಿ ಮರುವಾರ, ಅಡುಗೆಯ ಕಸ ಪ್ರತಿ ವಾರ ಎಂಬುದನ್ನು ಅವರು ಪ್ರತಿ ಅಕ್ಟೋಬರಿನಲ್ಲೂ ಹತ್ತಾರು ಬಾಗಿಲುಗಳಿಗೆ ಹೋಗಿ ಹೇಳಿ ಬರುತ್ತಿದ್ದರು. ಮೂರು ಮನೆಗಳ ಹೆಚ್ಚುವರಿ ಕೀಲಿಗಳು ಅವರ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿದ್ದವು. ನನಗೆ ಬಂದ ಮೊದಲ ಚಳಿಗಾಲದಲ್ಲಿ ಜ್ವರ ಏರಿ, ಕೆಮ್ಮು ಹಿಡಿದು ಮೂರು ದಿನ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಮನೆಯ ಉಳಿದವರೆಲ್ಲ ರಜೆಗೆ ಹೋಗಿದ್ದರು. ಮೂರನೇ ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಸ್ಟೀಲಿನ ಡಬ್ಬಿಯಲ್ಲಿ ಯಖ್ನಿ ಎಂಬ ಬಿಸಿ ಮಾಂಸದ ಸಾರು ಹಿಡಿದು ಚಾಚಾ ನಿಂತಿದ್ದರು.

“ಎರಡು ರಾತ್ರಿಯಿಂದ ಗೋಡೆಯ ಆಚೆ ಕೆಮ್ಮು ಕೇಳುತ್ತಿತ್ತು ಬೇಟಿ. ಈವತ್ತು ಮಧ್ಯಾಹ್ನದಿಂದ ಅದೂ ಕೇಳಲಿಲ್ಲ. ಅದಕ್ಕೆ ಬಂದೆ” ಎಂದರು.

ನಾನು ಮಾಂಸ ತಿನ್ನುವುದಿಲ್ಲವೆಂದು ತಿಳಿದದ್ದೇ ಹಿಂದಿರುಗಿ ಹೋಗಿ, ಅರ್ಧ ಗಂಟೆಯಲ್ಲಿ ಬೇಳೆ ಬೇಯಿಸಿಕೊಂಡು ತಂದರು. ಅಷ್ಟು ತೆಳುವಾದ ಗೋಡೆ ಇಲ್ಲದಿದ್ದರೆ ಆ ಬೇಳೆ ನನಗೆ ಸಿಗುತ್ತಿರಲಿಲ್ಲ. ಮುಂದೆ ಸಂಬಳ ಹೆಚ್ಚಾಗಿ ಊರಾಚೆ ಶಾಂತವಾದ ಕಡೆ ಮನೆ ಹಿಡಿಯುವ ಅವಕಾಶ ಬಂದಾಗ ನಾನು ಇದೇ ಬೀದಿಯಲ್ಲಿ, ಅವರ ಮನೆಯ ಇನ್ನೊಂದು ಪಕ್ಕದ ಪುಟ್ಟ ಮನೆಯನ್ನು ಆರಿಸಿಕೊಂಡೆ.

ಕೌಲಿ ರಸ್ತೆಯ ಬಗ್ಗೆ ಬರೆಯಲು ಹೊರಟರೆ ಅದೇ ಬೇರೆ ಬರಹವಾದೀತು. ಕರಿಬೇವು, ಹುಣಸೆಹಣ್ಣು, ಕಟ್ಟುಗಟ್ಟಲೆ ಕೊತ್ತಂಬರಿ ಸಿಗುವ ಅಂಗಡಿಗಳು, ಅವುಗಳ ಪಕ್ಕದಲ್ಲಿ ಪೋಲೆಂಡಿನ ರೊಟ್ಟಿ, ಅರಬ್ಬರ ಸಿಹಿ, ಕೊರಿಯಾದ ಉಪ್ಪಿನಕಾಯಿ. ಜೂನ್ ಸ್ಟ್ರೀಟಿನಲ್ಲಿ 1911ರಲ್ಲಿ ತೆರೆದ ಒಂದೇ ಪರದೆಯ ಚಿತ್ರಮಂದಿರ. 2022ರಲ್ಲಿ ಅದನ್ನು ಉಳಿಸಿಕೊಳ್ಳಲು ಜನರೇ ಷೇರು ಹಾಕಿ ಕೊಂಡುಕೊಂಡರು, ಅಲ್ಲಿ ಚಿತ್ರ ನೋಡಿ ಬಂದ ರಾತ್ರಿಗಳು ನನ್ನ ಒಳ್ಳೆಯ ನೆನಪುಗಳಲ್ಲಿ ಸೇರಿವೆ. 2001ರಲ್ಲಿ ಶುರುವಾದ ಬೇಸಗೆಯ ಕಾರ್ನಿವಲ್ ನಡೆದ ದಿನಗಳಲ್ಲಿ ಬಸ್ಸು ಕಾರುಗಳಿಲ್ಲದ ರಸ್ತೆಯಲ್ಲಿ ಡೋಲು ಬಾರಿಸುತ್ತಾ ಹೋಗುವವರ ಹಿಂದೆ ಇಡೀ ಬಡಾವಣೆ ನಡೆದದ್ದನ್ನು ಕಂಡಿದ್ದೇನೆ. ಪಕ್ಕದ ಇಫ್ಲಿ ರಸ್ತೆಯ ಓಟದ ಮೈದಾನದಲ್ಲಿ 1954ರ ಮೇ 6ರಂದು ರೋಜರ್ ಬ್ಯಾನಿಸ್ಟರ್ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿ, ನಾಲ್ಕು ನಿಮಿಷದ ಗಡಿಯನ್ನು ಜಗತ್ತಿನಲ್ಲೇ ಮೊದಲಿಗೆ ದಾಟಿದ. ಇಷ್ಟು ಹೇಳಿ ಮುಂದೆ ಹೋಗುತ್ತೇನೆ.

ಒತ್ತಾಗಿ ಬದುಕುವ ಕಡೆ ರಸ್ತೆ ಯಾರದು ಎಂಬ ಜಗಳವೂ ಹುಟ್ಟುತ್ತದೆ. 2022ರ ಮೇ ತಿಂಗಳಲ್ಲಿ ಜಿಲ್ಲಾ ಮಟ್ಟದ ಆಡಳಿತವಾದ ಕೌಂಟಿ ಕೌನ್ಸಿಲ್ ಈ ಅಡ್ಡಬೀದಿಗಳ ನಡುವೆ ಮರದ ಕುಂಡಗಳನ್ನೂ ಗೂಟಗಳನ್ನೂ ಇಟ್ಟು, ಕಾರುಗಳು ಅಡ್ಡದಾರಿ ಹಿಡಿದು ನುಗ್ಗುವುದನ್ನು ತಡೆಯಿತು; 2023ರ ಅಕ್ಟೋಬರಿನಲ್ಲಿ ಅದನ್ನು ಕಾಯಂ ಮಾಡಿತು. ಗೂಟಗಳನ್ನು ರಾತ್ರೋರಾತ್ರಿ ಕಿತ್ತವರೂ ಇದ್ದರು, ಸುಟ್ಟವರೂ ಇದ್ದರು. ನಾನು ಸೈಕಲ್ ತುಳಿದು ಡಿವಿನಿಟಿ ರಸ್ತೆಯ ಏರು ಹತ್ತಿ ಹೆಡಿಂಗ್ಟನ್‌ಗೆ ಕೆಲಸಕ್ಕೆ ಹೋಗುವವಳು, ನನಗೆ ಅದರಿಂದ ಬದುಕು ಹಗುರವಾಗಿದೆ. ಗಿರಾಕಿಗಳು ಕಡಿಮೆಯಾದರೆಂದು ಹೇಳುವ ಅಂಗಡಿಯವರ ಕಷ್ಟವೂ, ಟ್ಯಾಕ್ಸಿ ಓಡಿಸುವ ಚಾಚಾನ ಮಗ ಮುಖ್ಯ ರಸ್ತೆಯ ಸಾಲಿನಲ್ಲಿ ನಿಂತು ಕಳೆಯುವ ಗಂಟೆಗಳೂ ಸುಳ್ಳಲ್ಲ. ನಾನು ಕುಂಡಗಳ ಪರ, ಆದರೆ ಚಾಚಾನ ಮನೆಯ ಊಟದ ಮೇಜಿನ ಬಳಿ ಆ ಮಾತನ್ನು ಎಂದೂ ಗೆಲ್ಲಲಾಗಲಿಲ್ಲ.

ಈ ವಸಂತದಲ್ಲಿ ಚಾಚಾ ಮನೆ ಮಾರಿದರು. ಮೆಟ್ಟಿಲು ಹತ್ತಲು ಮಂಡಿ ಕೇಳುತ್ತಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿರುವ ಮಗಳ ಮನೆಯ ಕೆಳಗಿನ ಕೋಣೆಗೆ ಹೋದರು. ಹೊರಡುವ ದಿನ ಬಾಗಿಲ ಹಿಂದಿನ ಮೊಳೆಯಿಂದ ಆ ಮೂರು ಕೀಲಿಗಳನ್ನು ತೆಗೆದು ನನ್ನ ಕೈಗೆ ಕೊಟ್ಟು, ಯಾವುದು ಯಾವ ಮನೆಯದೆಂದು ಎರಡು ಸಲ ಹೇಳಿಸಿಕೊಂಡರು.

ಇನ್ನು ಪತ್ರ. 2012ರ ಫೆಬ್ರುವರಿಯಿಂದ ಆಕ್ಸ್‌ಫರ್ಡಿನಲ್ಲಿ ಕುಟುಂಬದ ಮನೆಯನ್ನು ಹಂಚಿಕೆಯ ಮನೆಯಾಗಿ ಬದಲಾಯಿಸಲು ಯೋಜನಾ ಅನುಮತಿ ಬೇಕು. ಬೀದಿಯ ಉದ್ದಕ್ಕೆ 100 ಮೀಟರಿನೊಳಗೆ ಇರುವ ಕಟ್ಟಡಗಳಲ್ಲಿ ಇಂಥವು 20 ಶೇಕಡಾ ದಾಟಬಾರದೆಂಬುದು ಕೌನ್ಸಿಲ್ ಬಳಸುತ್ತಾ ಬಂದಿರುವ ಅಳತೆ. ಹಾಗೆಯೇ, ಎರಡೂ ವಿಶ್ವವಿದ್ಯಾಲಯಗಳು ತಲಾ 3,000ಕ್ಕಿಂತ ಹೆಚ್ಚು ಪೂರ್ಣಾವಧಿ ವಿದ್ಯಾರ್ಥಿಗಳನ್ನು ಊರಿನ ಬಾಡಿಗೆ ಮನೆಗಳಿಗೆ ಬಿಡಬಾರದೆಂದು 2011ರ ನಗರ ಯೋಜನೆಯಲ್ಲೇ ಮಿತಿ ಹಾಕಿದ್ದರು. ಕಳೆದ ಭಾನುವಾರ ನಾನು ದೀಪದ ಕಂಬದಿಂದ ಎರಡೂ ದಿಕ್ಕಿಗೆ ಹೆಜ್ಜೆ ಹಾಕಿ, ಕೌನ್ಸಿಲ್‌ನ ಪರವಾನಗಿ ಪಟ್ಟಿಯನ್ನು ಫೋನಿನಲ್ಲಿ ನೋಡುತ್ತಾ ಮನೆಗಳನ್ನು ಎಣಿಸಿದೆ. ನನ್ನ ಎಣಿಕೆಯಲ್ಲಿ ಐದರಲ್ಲಿ ಒಂದು ಎಂಬ ಗೆರೆಯನ್ನು ಬೀದಿ ಇನ್ನೂ ದಾಟಿಲ್ಲ, ಅದರ ಅಂಚಿನಲ್ಲಿದೆ. ಆಕ್ಷೇಪಣೆ ಬರೆದಿರುವ ಹಿರಿಯರೊಬ್ಬರು ಕಿಟಕಿಯಿಂದ ನೋಡಿ ಹೊರಗೆ ಬಂದರು. ಎಷ್ಟಾಯಿತು ಎಂದು ಕೇಳಿದರು, ಹೇಳಿದೆ. ನಲವತ್ತು ವರ್ಷದಿಂದ ಈ ಬೀದಿಯಲ್ಲಿರುವ ಆಕೆ, ಹಿಂದೆ ಕ್ರಿಸ್ಮಸ್ ಕಾರ್ಡುಗಳನ್ನು ಮೂವತ್ತಾರು ಮನೆಗಳಿಗೆ ಹೆಸರು ಬರೆದು ಹಾಕುತ್ತಿದ್ದೆ, ಹೋದ ವರ್ಷ ಹನ್ನೊಂದಕ್ಕೆ ಇಳಿಯಿತು ಎಂದರು. ಆ ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಆದರೂ ಬೇಡ ಎಂದು ಬರೆಯಲು ನನ್ನಿಂದ ಆಗಲಿಲ್ಲ. ಆ ಆರು ಮಂದಿ ಎಲ್ಲಿಯಾದರೂ ಮಲಗಲೇಬೇಕು, ಸೇತುವೆಯ ಆ ಕಡೆ ಅವರಿಗೆ ಜಾಗವಿಲ್ಲ. ನಿನ್ನೆ ರಾತ್ರಿ ಕುಳಿತು ಒಂದೂವರೆ ಪುಟ ಬರೆದು ಕಳುಹಿಸಿದೆ. ಮನೆಯಲ್ಲಿ ಆರರ ಬದಲು ಐದು ಮಲಗುವ ಕೋಣೆ ಮಾಡಿ, ಬೀದಿಗೆ ಮುಖ ಮಾಡಿದ ಮುಂದಿನ ಕೋಣೆಯನ್ನು ಎಲ್ಲರೂ ಕೂಡಿ ಕೂರುವ ಹಾಲ್ ಆಗಿಯೇ ಉಳಿಸಬೇಕೆಂಬ ಷರತ್ತು ಹಾಕಿರಿ ಎಂದು ಕೇಳಿದ್ದೇನೆ. ತೊಟ್ಟಿಗಳಿಗೂ ಸೈಕಲ್‌ಗಳಿಗೂ ಹಿತ್ತಿಲಿನಲ್ಲಿ ಜಾಗ ತೋರಿಸಬೇಕೆಂದೂ, ಜೂನ್ ತಿಂಗಳ ಕಸಕ್ಕೆ ಮಾಲೀಕರೇ ಗಾಡಿ ಕರೆಸಬೇಕೆಂದೂ, ಕನಿಷ್ಠ ಎರಡು ವರ್ಷ ಇರಬಯಸುವವರಿಗೆ ಅಲ್ಲಿ ಮೊದಲ ಅವಕಾಶ ಸಿಗುವುದಾದರೆ ಬೀದಿಗೆ ಅದರಿಂದ ಆಗುವ ಒಳಿತು ದೊಡ್ಡದೆಂದೂ ಸೇರಿಸಿದೆ. ಕಡೆಯ ಕೋರಿಕೆಯನ್ನು ಕೌನ್ಸಿಲ್ ಕಾನೂನಿನಂತೆ ವಿಧಿಸಲಾರದೆಂದು ನನಗೆ ಗೊತ್ತು, ಮಾಲೀಕರು ಓದಲಿ ಎಂದು ಬರೆದೆ. ನಡುಗೋಡೆಗೆ ಸದ್ದು ತಡೆಯುವ ಹೊದಿಕೆ ಹಾಕುತ್ತೇವೆಂದು ಅರ್ಜಿಯ ನಕ್ಷೆಯಲ್ಲಿದೆ. ಅದರ ಬಗ್ಗೆ ಒಂದು ಪ್ಯಾರಾ ಬರೆದು, ಅಳಿಸಿ, ಮತ್ತೆ ಬರೆದು, ಕೊನೆಗೆ ಏನೂ ಹೇಳದೆ ಬಿಟ್ಟೆ.